ಮೂರನೇ ಪೆಡಲ್

ಹುಣ್ಣಿಮೆಯ ಮರುದಿನ ಬೆಳಿಗ್ಗೆ ಭವಾನಿ ಕಾರಿನ ಬಾಗಿಲು ತೆಗೆದು, ಊರುಗೋಲನ್ನು ಪಕ್ಕದ ಸೀಟಿಗೆ ಒರಗಿಸಿ, ಒಳಗೆ ಕೂತು ನೋಡುತ್ತಾಳೆ, ಕಾಲಬುಡದಲ್ಲಿ ಮೂರು ಪೆಡಲ್!

ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು. ಮೂರೇ. ಈ ಕಾರಿಗೆ ಇದ್ದದ್ದು ಎರಡು. ಒಂದು ಓಡಿಸಲಿಕ್ಕೆ, ಒಂದು ನಿಲ್ಲಿಸಲಿಕ್ಕೆ, ಎರಡಕ್ಕೂ ಬಲಗಾಲೊಂದೇ ಸಾಕು. ಗೇರು ತಾನಾಗಿಯೇ ಬೀಳುತ್ತಿತ್ತು. ಎಡಗಾಲಿಗೆ ಆ ಕಾರಿನಲ್ಲಿ ಕೆಲಸವೇ ಇರಲಿಲ್ಲ. ಭವಾನಿಯ ಎಡಗಾಲಿಗೂ ಲೋಕದಲ್ಲಿ ಅಂಥ ಕೆಲಸವೇನಿರಲಿಲ್ಲ. ಹಾಲುಹಲ್ಲಿನ ವಯಸ್ಸಿನಲ್ಲೇ ಪೋಲಿಯೊ ಬಂದು ಅದು ಸೊರಗಿಹೋಗಿತ್ತು. ಹಾಗಾಗಿ ಕಾರಿಗೂ ಅವಳಿಗೂ ಒಳ್ಳೆಯ ಜೋಡಿ ಕೂಡಿಬಂದಿತ್ತು. ಈಗ ಎಡಗಡೆಗೆ ಒಂದು ಕ್ಲಚ್ ಪೆಡಲ್ ಬಂದು ಕೂತಿತ್ತು. ಗೇರಿನ ಹಳೆಯ ಹಿಡಿ ಮಾಯವಾಗಿ, ಒಂದರಿಂದ ಐದರವರೆಗೆ ಅಂಕಿ ಬರೆದ ಗುಂಡು ಹಿಡಿಯೊಂದು ನಿಂತಿತ್ತು.

ತಲೆ ಎತ್ತಿದರೆ ಕಟ್ಟೆಯ ಮೇಲೆ ಅಣ್ಣ ಪ್ರಭುರಾಜ ಚಹಾದ ಬಸಿ ಹಿಡಿದು ಕೂತಿದ್ದ. ದಿನಾ ಇಷ್ಟೊತ್ತಿಗೆ ಗದ್ದೆಯಲ್ಲಿರುವ ಮನುಷ್ಯ. ಇವತ್ತು ಇದನ್ನು ನೋಡಲಿಕ್ಕೆಂದೇ ಉಳಿದಿದ್ದ.

"ಏನಣ್ಣ ಇದು?"

"ಗೇರ್ ಬಾಕ್ಸ್ ಬದಲಿ ಮಾಡಿಸೀನಿ. ಆ ಆಟೊಮ್ಯಾಟಿಕ್ ತಗದು ಮ್ಯಾನುವಲ್ ಕುಂದ್ರಿಸ್ಯಾನ ಮದಾರಸಾಬ. ಈಗ ನೋಡು, ಗಾಡಿ ಅಂದ್ರ ಗಾಡಿ ಆತು."

"ಯಾರನ್ನ ಕೇಳಿ ಮಾಡಿಸಿದಿ?"

"ಯಾರನ್ನ ಕೇಳಬೇಕು? ನನ್ನ ಸರದಿಯೊಳಗ ಮಾಡಿಸೀನಿ. ಅದು ಜಗ್ಗತಿತ್ತು, ನಡುದಾರ್ಯಾಗ ನಿಂದರತಿತ್ತು. ಅದರ ರಿಪೇರಿಗೆ ಹೈದರಾಬಾದಿಗೇ ಹೋಗಬೇಕಂತ."

"ನಾ ಹೆಂಗ ಓಡಿಸ್ಲಿ?"

ಪ್ರಭುರಾಜ ಕಾಯುತ್ತಿದ್ದದ್ದು ಇದೇ ಪ್ರಶ್ನೆಗೆ. ಬಸಿಯಲ್ಲಿದ್ದದ್ದನ್ನು ಸುರ್ರನೆ ಹೀರಿ, ಮೀಸೆ ಒರೆಸಿಕೊಂಡು ಹೇಳಿದ: "ನೀ ಯಾಕ ಓಡಿಸ್ತಿ? ನಾ ಅದೀನಲ್ಲ. ಮುಂಜಾನಿ ಆಫೀಸಿಗೆ ಬಿಟ್ಟು ಬರ್ತೀನಿ, ಸಂಜಿಗೆ ಕರಕೊಂಡು ಬರ್ತೀನಿ. ಬೆನ್ನಮ್ಯಾಲ ಹೊತಗೊಂಡು ಸಾಲಿಗೆ ಒಯ್ದಂವಗ ಇದೇನ್ ದೊಡ್ಡದು?"

ಆ ಮಾತು ಭವಾನಿಗೆ ಹೊಸದಲ್ಲ, ಊರಿಗೂ ಹೊಸದಲ್ಲ. ಕಾರಟಗಿ ರಸ್ತೆಯ ಈ ಊರಿನಲ್ಲಿ ಪ್ರಭುರಾಜನನ್ನು ಬಲ್ಲವರೆಲ್ಲ ಆ ಕತೆಯನ್ನೂ ಬಲ್ಲರು. ಮದುವೆ ಮನೆಯಲ್ಲಿ ಹೇಳಿದ್ದ, ಅಕ್ಕಿ ಗಿರಣಿಯಲ್ಲಿ ಹೇಳಿದ್ದ, ಪಂಚಾಯಿತಿ ಚುನಾವಣೆಗೆ ನಿಂತಾಗ ಮೈಕು ಹಿಡಿದೂ ಹೇಳಿದ್ದ. ಹೊತ್ತದ್ದು ಸುಳ್ಳಲ್ಲ. ಕಾಲುವೆಯ ಏರಿಯ ಮೇಲೆ, ಕೆಸರಿರಲಿ ಬಿಸಿಲಿರಲಿ, ತಪ್ಪದೆ ಹೊತ್ತಿದ್ದ. ಆದರೆ ಶಾಲೆಯ ಗೇಟು ಬಂದಾಗ ಭವಾನಿ ಅವನ ಕಿವಿಯಲ್ಲಿ "ಸಾಲಿ ಬಂತಣ್ಣ, ಇಳಸು" ಅನ್ನುತ್ತಿದ್ದಳು. ಅಲ್ಲಿಂದ ತರಗತಿಯವರೆಗೆ ಗೋಡೆ ಹಿಡಿದುಕೊಂಡು ಅವಳೇ ಹೋಗಬಲ್ಲವಳಾಗಿದ್ದಳು. ಅವನು ಇಳಿಸುತ್ತಿರಲಿಲ್ಲ. ಪ್ರಾರ್ಥನೆಗೆ ಸಾಲಾಗಿ ನಿಂತ ಹುಡುಗರ ನಡುವೆ ಹಾದು, ಹೆಡ್‌ಮಾಸ್ತರರ ಮುಂದೆಯೇ ತಂದು ಇಳಿಸುತ್ತಿದ್ದ. ಯಾಕೆಂದರೆ ಹೆಡ್‌ಮಾಸ್ತರರು ದಿನಾ "ಭಲೇ ಪ್ರಭುರಾಜ!" ಅನ್ನುತ್ತಿದ್ದರು. ಭಲೇ ಅವನ ಪಾಲಿಗೆ, ಹುಡುಗರ ಕಿಸಿಕಿಸಿ ಇವಳ ಪಾಲಿಗೆ. ಮನೆಯಲ್ಲಿ ಮೊದಲು ಆದ ಪಾಲುಪಟ್ಟಿ ಅದು.

ಅವಳನ್ನು ಆ ಬೆನ್ನಿನಿಂದ ಇಳಿಸಿದ್ದು ಈ ಕಾರು. ಕಾರಟಗಿಯ ಗಿರಣಿ ಸಾಹುಕಾರರೊಬ್ಬರು ಮೊಣಕಾಲು ನೋವೆಂದು ತರಿಸಿಕೊಂಡಿದ್ದ ಗಾಡಿ, ಮಾರಾಟಕ್ಕಿದೆ ಅಂತ ಸುದ್ದಿ ಬಂದಾಗ ಅಪ್ಪ ನೋಡಿ ಬಂದವನೇ ಅಂಗಳದಿಂದಲೇ ಕೂಗಿದ್ದ: "ಭವಾನಿ, ಎರಡ ಪೆಡಲ್ ಅದಾವ ನೋಡಬೇ!" ಭತ್ತ ಕೊಯ್ದು ಖಾಲಿಯಾದ ಗದ್ದೆಯಲ್ಲಿ ಅಪ್ಪನೇ ಪಕ್ಕದಲ್ಲಿ ಕೂತು ಕಲಿಸಿದ. ಆಗ ಅವಳಿಗೆ ಮೂವತ್ತು ದಾಟಿತ್ತು, ಗಂಗಾವತಿಯ ತೋಟಗಾರಿಕೆ ಇಲಾಖೆಯಲ್ಲಿ ಗುಮಾಸ್ತೆಯಾಗಿದ್ದಳು. ಅಂದಿನಿಂದ ಕಚೇರಿಗೆ ಅವಳೇ ಹೋದಳು. ಅವ್ವನನ್ನು ಹೇಮಗುಡ್ಡದ ದುರ್ಗಮ್ಮನ ಗುಡಿಗೆ ಅವಳೇ ಕರೆದೊಯ್ದಳು. ಬೇಸರವಾದರೆ ಒಬ್ಬಳೇ ಆನೆಗೊಂದಿಯವರೆಗೆ ಹೋಗಿ, ಹೊಳೆ ದಂಡೆಯಲ್ಲಿ ಕಾರು ನಿಲ್ಲಿಸಿ, ಕಿಟಕಿ ಇಳಿಸಿ ಕೂತು ಬಂದಳು. ಯಾರನ್ನೂ ಕೇಳಲಿಲ್ಲ, ಯಾರನ್ನೂ ಕಾಯಲಿಲ್ಲ. ಅವಳ ಬಳಿ ಸೀರೆ ಬಂಗಾರ ಎಲ್ಲ ಇದ್ದವು. ತನ್ನದು ಅಂತ ಅನ್ನಿಸುತ್ತಿದ್ದದ್ದು ಮಾತ್ರ ಇದೊಂದೇ.

ಅಪ್ಪ ತೀರಿಕೊಂಡ ಮೇಲೆ ಕಾರಿನ ಕೀಲಿಕೈ ಪ್ರಭುರಾಜನ ಜೇಬು ಸೇರಿತು. ಹೊಲ ಮನೆಯ ಮಾತು ಬಂದಾಗ ತುಟಿ ಬಿಚ್ಚದ ಭವಾನಿ, ಕಾರಿಗಾಗಿ ಮಾತ್ರ ಇಡೀ ಓಣಿಗೆ ಕೇಳುವಂತೆ ಜಗಳ ತೆಗೆದಳು. ಕೊನೆಗೆ ಸೋದರಮಾವ ಹಂಪಣ್ಣ ನ್ಯಾಯ ಹೇಳಲು ಬಂದ. ಹಂಪಣ್ಣ ಬಹಳ ವರ್ಷ ಕಾಲುವೆ ನೀರಿನ ಸರದಿ ನೋಡಿಕೊಂಡವನು, ಅವನಿಗೆ ಯಾವ ವ್ಯಾಜ್ಯವೂ ತೂಬಿನ ವ್ಯಾಜ್ಯದಂತೆಯೇ ಕಾಣುತ್ತಿತ್ತು. "ಅಮಾಸಿಯಿಂದ ಹುಣ್ಣಿವಿತನಕ ಅಂವಗ, ಹುಣ್ಣಿವಿಯಿಂದ ಅಮಾಸಿತನಕ ಆಕಿಗೆ. ಒಬ್ಬರ ಸರದಿಯೊಳಗ ಇನ್ನೊಬ್ಬರು ಕೈ ಹಾಕಂಗಿಲ್ಲ, ಬಾಯಿ ಹಾಕಂಗಿಲ್ಲ" ಅಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಇದು ಅವನ ನ್ಯಾಯ. ಆದರೆ ಕಾಲುವೆಯ ಮೇಲಿನವನು ಮನಸ್ಸು ಮಾಡಿದರೆ ಕೆಳಗಿನವನ ಗದ್ದೆಗೆ ನೀರಿನ ಬದಲು ಕಸಕಡ್ಡಿ ಬರುತ್ತದೆ ಅನ್ನುವುದು ಈ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು.

ಭವಾನಿ ಈಗ ಅದೇ ಹಂಪಣ್ಣನ ಮನೆಗೆ ಕುಂಟುತ್ತ ಹೋದಳು. ಮಾವ ಎಲೆ ಅಡಿಕೆ ಹಾಕಿಕೊಂಡು ಎಲ್ಲ ಕೇಳಿದ.

"ಅಂವನ ಸರದಿಯೊಳಗ ಅಂವ ಮಾಡ್ಯಾನಲ್ಲವಾ. ನಾ ಏನಂತ ಹೇಳಲಿ?"

"ನೀರ್ ಬಿಡ್ರಿ ಅಂದ್ರ ತೂಬ ಕಿತ್ತಗೊಂಡು ಹೋದಂಗ ಆತಲ್ರಿ ಮಾವ!"

"ತೂಬ ಎಲ್ಲಿ ಕಿತ್ಯಾನ? ಬದಲಿ ಮಾಡ್ಯಾನ. ಗಾಡಿ ನಿಂತಿತ್ತು, ಈಗ ಓಡತೈತಿ."

"ನನಗ ಓಡಂಗಿಲ್ಲಲ್ರಿ."

"ಅಂವ ಬಿಟ್ಟು ಬರ್ತೀನಿ ಅಂತಾನ. ಅಣ್ಣ ಅಂಥಾಂವ ಎಷ್ಟ ಮಂದಿಗೆ ಸಿಗತಾನ? ಸುಮ್ಮನ ಕುಂತಗೊಂಡು ಹೋಗಿ ಬಾ."

ಸುಮ್ಮನೆ ಕೂತು ಹೋಗುವುದು ಅಂದರೆ ಏನು ಅನ್ನುವುದು ಮರುದಿನವೇ ಗೊತ್ತಾಯಿತು. ಪ್ರಭುರಾಜ ಬಿಳಿ ಅಂಗಿ ತೊಟ್ಟು, ಗಂಧ ಇಟ್ಟುಕೊಂಡು ಅವಳನ್ನು ಕಚೇರಿಗೆ ಕರೆದೊಯ್ದ. ಕಾರನ್ನು ಗೇಟಿನ ಹೊರಗೆ ನಿಲ್ಲಿಸಿದ್ದರೆ ಸಾಕಿತ್ತು. "ಇಲ್ಲೇ ಇಳೀತೀನಿ" ಅಂದಳು ಕೂಡ. ಅವನು ಕೇಳಲಿಲ್ಲ. ಕಾರನ್ನು ಒಳಗೆ ತಂದು, ಸಸಿ ಒಯ್ಯಲು ಬಂದಿದ್ದ ರೈತರ ಗುಂಪನ್ನು ಹಾರ್ನ್ ಬಾರಿಸಿ ಸರಿಸಿ, ಮೆಟ್ಟಿಲಿಗೆ ತಾಗಿಸಿ ನಿಲ್ಲಿಸಿದ. ಓಡಿಬಂದು ಬಾಗಿಲು ತೆಗೆದು ಅವಳ ರಟ್ಟೆ ಹಿಡಿದ. "ಸ್ವಲ್ಪ ಸರೀರಿ, ಕಾಲಿಲ್ಲ ಆಕಿಗೆ" ಅಂತ ಎಲ್ಲರಿಗೂ ಕೇಳುವಂತೆ ಹೇಳಿದ. ಆಮೇಲೆ ಸಾಹೇಬರ ಕೋಣೆಗೇ ಹೋಗಿ ನಮಸ್ಕಾರ ಹೇಳಿ, "ಸಣ್ಣಾಕಿದ್ದಾಗ ಬೆನ್ನಮ್ಯಾಲ ಹೊತಗೊಂಡು ಸಾಲಿಗೆ ಒಯ್ದೀನ್ರಿ ಸರ್. ಈಗೂ ನಂದ ಜವಾಬ್ದಾರಿ" ಅಂದ. ಸಾಹೇಬರು ಹೊಸಬರು. "ಇಂಥಾ ಅಣ್ಣ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಮೇಡಂ" ಅಂದುಬಿಟ್ಟರು.

ಭವಾನಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಆ ಮೆಟ್ಟಿಲನ್ನು ಅವಳೇ ಹತ್ತಿದ್ದಳು, ಅವಳ ಕಾಲಿನ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಒಂದು ಬೆಳಗಿನಲ್ಲಿ ಅವಳನ್ನು ಎತ್ತಿ ಮತ್ತೆ ಪ್ರಾರ್ಥನೆಯ ಸಾಲಿನ ನಡುವೆ ತಂದು ನಿಲ್ಲಿಸಿದ್ದ. ಗೇರ್ ಬಾಕ್ಸ್ ಯಾಕೆ ಬದಲಾಯಿತು ಅನ್ನುವುದು ಆಗ ಅವಳಿಗೆ ಸ್ಪಷ್ಟವಾಗಿ ತಿಳಿಯಿತು. ಹಳೆಯದು ಕೆಟ್ಟಿದ್ದು ನಿಜವೇ ಇರಬಹುದು. ಆದರೆ ಅವನಿಗೆ ಬೇಕಾಗಿದ್ದದ್ದು ಕಾರಲ್ಲ, ಆ ಭಲೇ.

ಹೊರಗೆ ಬಂದು ಕೈ ಚಾಚಿದಳು. "ಕೀಲಿಕೈ ಕೊಡು."

"ಯಾಕ?"

"ಯಾಕಂದ್ರ ನನ್ನ ಸರದಿ."

"ಓಡಸಾಕಂತೂ ಬರಂಗಿಲ್ಲ."

"ಓಡಸ್ತೀನೋ, ಮುಂದ ಕುಂತು ಊದಿನಕಡ್ಡಿ ಹಚ್ಚತೀನೋ, ನಿನಗ್ಯಾಕ? ಬಾಯಿ ಹಾಕಬ್ಯಾಡ, ಮಾವನ ಮಾತ ಐತಿ."

ಪ್ರಭುರಾಜ ಕೀಲಿಕೈಯನ್ನು ಅವಳ ಅಂಗೈಗೆ ಬಡಿದು, ಬಿಳಿ ಅಂಗಿಯಲ್ಲಿಯೇ ಬಸ್ ಸ್ಟ್ಯಾಂಡಿಗೆ ನಡೆದುಹೋದ. ನಿಂತುಕೊಂಡೇ ಊರಿಗೆ ಬಂದನಂತೆ. ಅದನ್ನು ಕೇಳಿ ಭವಾನಿಗೆ ಬೆಲ್ಲ ತಿಂದಷ್ಟು ಖುಷಿಯಾಯಿತು.

ಮಧ್ಯಾಹ್ನ ಮದಾರಸಾಬನಿಗೆ ಫೋನು ಮಾಡಿ ಕಾರು ತರಿಸಿಕೊಳ್ಳಲು ಹೇಳಿದಳು. ಸಂಜೆ ಆಟೊ ಹತ್ತಿ ಅವನ ಗ್ಯಾರೇಜಿಗೇ ಹೋದಳು. ಕಾರಿನ ಆಟೊಮ್ಯಾಟಿಕ್ ಗೇರ್ ಬಾಕ್ಸು ಮೂಲೆಯಲ್ಲಿ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು, ಸುತ್ತಲೂ ಸುಟ್ಟ ಎಣ್ಣೆಯ ವಾಸನೆ. ಮದಾರಸಾಬ ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಕಾರು ಯಾರು ತಂದರೆ ಅವರ ಕಡೆ.

"ಅದನ್ನ ವಾಪಸ್ ಕುಂದ್ರಸ್ರಿ ಅಂದ್ರ ಆಗಂಗಿಲ್ಲ ಅಕ್ಕಾರ. ಒಳಗ ಪ್ಲೇಟ್ ಎಲ್ಲಾ ಸುಟ್ಟಾವ. ಗುಜರಿಯೊಳಗ ಇದ ಮಾಡೆಲ್ಲಿನ ಮ್ಯಾನುವಲ್ ಗಾಡಿ ಒಂದು ಸಿಕ್ತು, ಅದರದ ಗೇರ್ ಬಾಕ್ಸ್, ಅದರದ ಪೆಡಲ್, ಎಲ್ಲಾ ತಂದು ಕೂಡಿಸೀನಿ. ನಿಮ್ಮಣ್ಣಾರು ಹೇಳಿದ್ರು, ಮಾಡೀನಿ."

"ನನ್ನ ಕಾಲಿನ ಸುದ್ದಿ ನಿಮಗ ಗೊತ್ತಿತ್ತೋ ಇಲ್ಲೋ?"

ಮದಾರಸಾಬ ಕೈಯಲ್ಲಿದ್ದ ಸ್ಪ್ಯಾನರನ್ನು ಚಿಂದಿಯಿಂದ ಒರೆಸತೊಡಗಿದ. ಗೊತ್ತಿತ್ತು ಅಂತ ಅರ್ಥ.

"ಈಗ ನಾ ಹೇಳಿದ್ದ ಮಾಡ್ರಿ. ಕ್ಲಚ್ ಕೈಯಾಗ ಬರಬೇಕು."

ಇದು ಅವಳಿಗೆ ಹೊಳೆದದ್ದಲ್ಲ, ಕಂಡದ್ದು. ಹಿಂದೊಮ್ಮೆ ಲೈಸೆನ್ಸಿನ ಕೆಲಸಕ್ಕೆ ಕೊಪ್ಪಳಕ್ಕೆ ಹೋದಾಗ, ಅವಳಂತೆಯೇ ಕಾಲು ಸೋತ ಕುಷ್ಟಗಿಯ ಮೇಷ್ಟರೊಬ್ಬರು ಗೇರಿನ ಕಡ್ಡಿಗೇ ಬೈಕಿನ ಕ್ಲಚ್ಚಿನಂಥ ಹಿಡಿಕೆ ಹಾಕಿಸಿಕೊಂಡು ಬಂದಿದ್ದರು. ಹಿಡಿಕೆ ಒತ್ತಿದರೆ ಕೇಬಲ್ ಎಳೆದು ಕ್ಲಚ್ ಬಿಡುತ್ತದೆ, ಅದೇ ಕೈಯಲ್ಲಿ ಗೇರೂ ಹಾಕಬಹುದು. ಮದಾರಸಾಬ ತಲೆ ಕೆರೆದುಕೊಂಡ, ಕೇಬಲ್ ಎಳೆದು ನೋಡಿದ, ಯಾರಿಗೋ ಫೋನು ಮಾಡಿದ. ಕೊನೆಗೆ ಆಗತೈತಿ ಅಂದ.

"ಪೆಡಲ್ ಹಂಗ ಇರಲೇಳ್ರಿ. ನೀವು ಕೈಲೆ ಓಡಿಸ್ರಿ, ನಿಮ್ಮಣ್ಣಾರು ಕಾಲಿಲೆ ಓಡಸ್ತಾರ. ಇಬ್ಬರಿಗೂ ಛಲೋ."

"ಪೆಡಲ್ ಕಿತ್ತು ತಗೀರಿ."

"ಯಾಕ್ರೀ ಅಕ್ಕಾರ? ಅದೇನ್ ಮಾಡತೈತಿ ಪಾಪ?"

"ಅದು ಇದ್ರ ಅಂವ ಓಡಸ್ತಾನ. ಅದಕ್ಕ ತಗೀ ಅನ್ನೋದು."

ಮದಾರಸಾಬ ಅವಳ ಮುಖ ನೋಡಿದ. ಇದು ಸೇಡು ಅಂತ ಅವನಿಗೂ ತಿಳಿಯಿತು. ಸೇಡೇ. ಭವಾನಿ ಅದನ್ನು ಬೇರೆ ಹೆಸರಿನಿಂದ ಕರೆಯಲು ಹೋಗಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ತನ್ನ ಕಾಲ ಅಮಾವಾಸ್ಯೆಯವರೆಗೆ ಇದೆ, ಅಷ್ಟರೊಳಗೆ ಆಗಬೇಕು ಅಂತಷ್ಟೇ ಹೇಳಿದಳು.

ಕಾರನ್ನು ಊರಿಗೇ ತಂದು ಕೈಗೆ ಕೊಡುವಾಗ ಅವನು ಒಂದು ಮಾತು ಹೇಳಿದ. "ಇದೊಂದು ನೆಪ್ಪಿಡ್ರಿ ಅಕ್ಕಾರ. ಮೊದಲು ಗೇರ್ ಪಾರ್ಕಿನೊಳಗ ಇದ್ರ ಅಷ್ಟ ಈ ಗಾಡಿ ಚಾಲೂ ಆಗತಿತ್ತು. ಈಗ ಆ ವೈರ್ ನಾ ಕೂಡಿಸಿಬಿಟ್ಟೀನಿ. ಗೇರಿನ್ಯಾಗ ಇದ್ರೂ ಚಾಲೂ ಆಗತೈತಿ. ಹಿಡಿಕಿ ಒತ್ತಿ ಹಿಡೀಲಾರದ ಕೀಲಿ ತಿರುವಿದ್ರಿ ಅಂದ್ರ ಕಪ್ಪಿಹಂಗ ಜಿಗೀತೈತಿ."

ಸಂಜೆಯ ಹೊತ್ತು ಊರ ಹೊರಗಿನ ಕಣದಲ್ಲಿ ಕಲಿಯಲು ಶುರುಮಾಡಿದಳು. ಬಲಗೈಯಲ್ಲಿ ಸ್ಟೇರಿಂಗು, ಎಡಗೈಯಲ್ಲಿ ಹಿಡಿಕೆ, ಅದೇ ಕೈಯಲ್ಲಿ ಗೇರು. ಬಿಡುವುದು ತುಸು ಬೇಗ ಆದರೆ ಕಾರು ಎಗರಿ ಬಂದ್ ಬೀಳುತ್ತಿತ್ತು. ಎಡಗೈಯ ಬೆರಳು ಬಾತುಕೊಂಡವು. ರೊಟ್ಟಿ ಮುರಿಯಲಿಕ್ಕೂ ಬಾರದಾದಾಗ ಅವ್ವ ಪಂಪಮ್ಮ ಏನೂ ಕೇಳದೆ ರೊಟ್ಟಿ ಚೂರು ಮಾಡಿ ಹಾಲಿನಲ್ಲಿ ನೆನೆಸಿ ಕೊಟ್ಟಳು. ಪಂಪಮ್ಮ ಮಕ್ಕಳ ಜಗಳದಲ್ಲಿ ಯಾವತ್ತೂ ಮಾತಾಡಿದವಳಲ್ಲ. ಯಾರ ಕಡೆ ಮಾತಾಡಿದರೂ ಇನ್ನೊಬ್ಬರು ಹೊಟ್ಟೆಯಲ್ಲಿ ಹುಟ್ಟಿದವರೇ ಅಲ್ಲವೇ!

ಒಂದು ದಿನ ಪ್ರಭುರಾಜ ಬೈಕು ನಿಲ್ಲಿಸಿ ಕಣದಂಚಿನಲ್ಲಿ ನಿಂತು ನೋಡಿದ. ಕಾರು ಕೆಮ್ಮಿ ನಿಂತಿತು. ಕಿಟಕಿಯಲ್ಲಿ ಬಗ್ಗಿ ಗೇರಿನ ಕಡ್ಡಿಗೆ ಹಾಕಿದ ಹಿಡಿಕೆ ನೋಡಿದ. ಗಟ್ಟಿಯಾಗಿ ನಕ್ಕ.

"ಸೈಕಲ್ ಬ್ರೇಕ್ ಹಚ್ಚಿಸೀಯೇನ? ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ."

ಆ ಗಾದೆಯನ್ನು ಕುಂಟಿಯೊಬ್ಬಳ ಮುಂದೆ ಹೇಳಬಾರದು ಅನ್ನುವಷ್ಟು ತಿಳಿವಳಿಕೆ ಊರಿನ ಕುಡುಕರಿಗೂ ಇತ್ತು. ಭವಾನಿಗೆ ಕಣ್ಣು ತುಂಬಿ ಬಂತು. ಆದರೆ ಅವನು ನೋಡಿದ್ದು ಹಿಡಿಕೆಯನ್ನು ಮಾತ್ರ, ಕೆಳಗೆ ಕತ್ತಲಲ್ಲಿ ಕಾಲಬುಡವನ್ನು ನೋಡಿರಲಿಲ್ಲ. ಅವಳು ಕಣ್ಣೊರೆಸಿಕೊಂಡು ಮತ್ತೆ ಚಾಲೂ ಮಾಡಿದಳು. ಅಮಾವಾಸ್ಯೆ ಹತ್ತಿರ ಬರುವಷ್ಟರಲ್ಲಿ ಹೇಮಗುಡ್ಡದವರೆಗೆ ಒಂದು ಸಲವೂ ಬಂದ್ ಬೀಳಿಸದೆ ಹೋಗಿ ಬಂದಳು. ಕೊಪ್ಪಳಕ್ಕೆ ಹೋಗಿ ಹೊಸ ಹಿಡಿಕೆಗೆ ಸರಕಾರದವರ ಒಪ್ಪಿಗೆಯನ್ನೂ ಹಾಕಿಸಿಕೊಂಡಳು.

ಅಮಾವಾಸ್ಯೆಗೊಮ್ಮೆ ಗಾಡಿಗೆ ಪೂಜೆ ಮಾಡುವುದು ಇಲ್ಲಿಯ ವಾಡಿಕೆ. ಲಾರಿಯಾಗಲಿ, ಟ್ರ್ಯಾಕ್ಟರ್ ಆಗಲಿ, ತೊಳೆದು ಹೂ ಹಾಕಿ, ಗಾಲಿಗೊಂದು ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಗಾಡಿಯನ್ನು ತುಸು ಮುಂದೆ ಓಡಿಸಿ ನಿಂಬೆಹಣ್ಣು ತುಳಿಸಬೇಕು. ಅಪ್ಪ ಇದ್ದಾಗ ಈ ಕಾರಿನ ನಿಂಬೆಹಣ್ಣು ತುಳಿಸುತ್ತಿದ್ದವಳು ಭವಾನಿ. ಅಪ್ಪನ ನಂತರ ಪ್ರಭುರಾಜ ತಾನು ಮನೆಯ ಹಿರಿಯ ಅಂತ ಆ ಸೀಟು ಹಿಡಿದಿದ್ದ. ಅಮಾವಾಸ್ಯೆ ಸರದಿ ಬದಲಾಗುವ ದಿನವೂ ಹೌದು. ಪ್ರಭುರಾಜನ ಹೆಂಡತಿ ವಿಜಯಲಕ್ಷ್ಮಿ ಆರತಿ ತಟ್ಟೆ ಹಿಡಿದಿದ್ದಳು. ಹಂಪಣ್ಣ ಮಾವ ಕಾಯಿ ಒಡೆಯಲು ಕಾರಿನ ಮುಂದೆ ಬಂದು ನಿಂತಿದ್ದ. ಓಣಿಯ ನಾಲ್ಕಾರು ಮಂದಿ ಪ್ರಸಾದಕ್ಕೆ ಸೇರಿದ್ದರು. ಕಾರು ಗೇಟಿಗೆ ಮುಖ ಮಾಡಿ ನಿಂತಿತ್ತು. ಅದು ಪ್ರಭುರಾಜ ಹೋದ ವರ್ಷ ಮಾಡಿಸಿದ ಕಬ್ಬಿಣದ ಗೇಟು, ಮೇಲೆ ಅವನ ಹೆಸರಿನ ಹಿತ್ತಾಳೆ ಅಕ್ಷರಗಳಿದ್ದವು.

ಅಂಗಳ ಇಳಿಜಾರು. ಹ್ಯಾಂಡ್ ಬ್ರೇಕು ಹಳೆಯದು. ಹಾಗಾಗಿ ಭವಾನಿ ಕಾರನ್ನು ಒಂದನೇ ಗೇರಿನಲ್ಲಿ ಬಿಟ್ಟು ನಿಲ್ಲಿಸಿದ್ದಳು, ಊರಿನವರೆಲ್ಲ ನಿಲ್ಲಿಸುವಂತೆ. ಇದರಲ್ಲಿ ಯಾವ ಕಪಟವೂ ಇರಲಿಲ್ಲ. ಪ್ರಭುರಾಜ ಚಪ್ಪಲಿ ಬಿಟ್ಟು, ಸ್ಟೇರಿಂಗಿಗೆ ಕೈಮುಗಿದು ಒಳಗೆ ಕೂರುವಾಗ ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಅಣ್ಣ, ಗೇರಿನ್ಯಾಗ ಐತಿ, ಆ ಹಿಡಿಕಿ..."

"ಏ, ಸರಿ ಅತ್ಲಾಗ. ನಿನ್ನ ಹೊತ್ತು ತಿರಗಿದಂವಗ ಗಾಡಿ ಹೊಡಿಯೋದು ಕಲಿಸ್ತಿ?"

ಭವಾನಿ ಬಾಯಿ ಮುಚ್ಚಿದಳು. ಇನ್ನೊಂದು ಸಲ ಹೇಳಬಹುದಿತ್ತು. ಹೇಳಲು ಮನಸ್ಸು ಬರಲಿಲ್ಲ. "ಮಾವ, ನೀವು ಮುಂದ ನಿಂದರಬ್ಯಾಡ್ರಿ, ಈ ಕಡೆ ಬರ್ರಿ" ಅಂತ ಹಂಪಣ್ಣನಿಗೆ ಮಾತ್ರ ಹೇಳಿದಳು. ಅವನು "ಕಾಯಿ ಎದುರಿಗೇ ಒಡೀಬೇಕವಾ" ಅಂದು ಅಲ್ಲೇ ಬಗ್ಗಿದ.

ಒಳಗೆ ಪ್ರಭುರಾಜನ ಎಡಗಾಲು ಕ್ಲಚ್ಚಿಗೆ ಹುಡುಕಾಡಿತು. ಸಿಗಲಿಲ್ಲ. ಇನ್ನೊಮ್ಮೆ ಹುಡುಕಿತು. ಹೊರಗೆ ನಿಂತವರಿಗೆ ಕಂಡದ್ದು ಇಷ್ಟೇ, ಅವನ ಮುಖ ಒಮ್ಮೆ ಕೆಳಗೆ ಬಗ್ಗಿತು, ಕೆಂಪಾಗಿ ಮೇಲೆ ಬಂತು. ಇಳಿದು ಬಂದು "ಪೆಡಲ್ ಇಲ್ಲ" ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಓಣಿಯವರು ನೋಡುತ್ತಿದ್ದಾರೆ, ಹೆಂಡತಿ ಆರತಿ ಹಿಡಿದಿದ್ದಾಳೆ, ತಂಗಿ ಬೇರೆ ಹೇಳಲು ಬಂದಿದ್ದಳು. ಇಳಿಯುವುದು ಹೇಗೆ? ಎರಡೇ ಪೆಡಲ್ ಕಂಡದ್ದಕ್ಕೆ ಹಳೆಯ ಆಟೊಮ್ಯಾಟಿಕ್ಕಿನ ರೂಢಿಯೇ ಕಾಲಿಗೆ ನೆನಪಾಯಿತೋ ಏನೋ, ಬಲಗಾಲನ್ನು ಆಕ್ಸಿಲರೇಟರ್ ಮೇಲೆ ಒತ್ತಿ ಕೀಲಿ ತಿರುವಿಬಿಟ್ಟ.

ಕಾರು ಜಿಗಿಯಿತು. ನಿಂಬೆಹಣ್ಣು ನಾಲ್ಕೂ ಒಟ್ಟಿಗೇ ಪಿಚಕ್ಕಂದವು. ಹಂಪಣ್ಣ ಕಾಯಿ ಬಿಟ್ಟು, ಧೋತರ ಎತ್ತಿಕೊಂಡು, ಎಪ್ಪತ್ತರ ವಯಸ್ಸನ್ನು ಮರೆತು ಹಾರಿ ಬಾಳೆಗಿಡದ ಬುಡದಲ್ಲಿ ಬಿದ್ದ. ಕಾರು ಅವನಿದ್ದ ಜಾಗದ ಮೇಲೆ ಹಾದು, ಇನ್ನೆರಡು ಸಲ ಎಗರಿ, ಹಿತ್ತಾಳೆ ಅಕ್ಷರದ ಗೇಟಿಗೆ ಢಬ್ಬನೆ ಮುಖ ಕೊಟ್ಟು ಬಂದ್ ಬಿತ್ತು. ಒಂದು ದೀಪದ ಗಾಜು ಪುಡಿಯಾಯಿತು. ಹೆಸರಿನ ಮೊದಲ ಅಕ್ಷರ ಕಳಚಿ ಬಾನೆಟ್ಟಿನ ಮೇಲೆ ಉರುಳಿತು.

"ಏ ಪ್ರಭ್ಯಾ!" ಬಾಳೆಯ ಬುಡದಿಂದ ಹಂಪಣ್ಣ ಕೂಗಿದ. "ನಿಂಬಿಹಣ್ಣು ತುಳಸಲೇ ಅಂದ್ರ ನನ್ನ ತುಳಸ್ತೀಯೇನಲೇ!"

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಅಂಗಳ ನಕ್ಕಿತು. ಪ್ರಭುರಾಜ ಬಾಗಿಲು ಒದ್ದು ಹೊ‍ರಗೆ ಬಂದ.

"ಪೆಡಲ್ ಎಲ್ಲೈತಿ? ಕ್ಲಚ್ ಪೆಡಲ್ ಎಲ್ಲಿ ಇಟ್ಟಿ?"

"ಕಿತ್ತಿಸೀನಿ" ಅಂದಳು ಭವಾನಿ.

"ಯಾರನ್ನ ಕೇಳಿ ಕಿತ್ತಿಸಿದಿ?"

"ಯಾರನ್ನ ಕೇಳಬೇಕು? ನನ್ನ ಸರದಿಯೊಳಗ ಕಿತ್ತಿಸೀನಿ."

ಹಂಪಣ್ಣ ಎದ್ದು ಧೋತರ ಜಾಡಿಸುತ್ತಿದ್ದ. ಪ್ರಭುರಾಜ ಅವನ ಕಡೆ ತಿರುಗಿದ. "ನೋಡ್ರಿ ಮಾವ, ಮೋಸ ಮಾಡ್ಯಾಳ! ಗಾಡಿ ಕೆಡಿಸ್ಯಾಳ!"

"ಕೆಡಿಸ್ಯಾಳ ಎಲ್ಲಿ, ಬದಲಿ ಮಾಡ್ಯಾಳ" ಅಂದ ಹಂಪಣ್ಣ. ಬಿದ್ದ ಸಿಟ್ಟು ಅವನಿಗೂ ಇತ್ತು. "ಕುಣೀಲಾರದಂವ ನೆಲ ಡೊಂಕ ಅಂದನಂತ."

ಪ್ರಭುರಾಜನಿಗೆ ಜಗತ್ತೇ ತಿರುಗಿಬಿದ್ದಂತಾಯಿತು. ಕೀಲಿಕೈಯನ್ನು ಕಾರಿನಿಂದ ಕಿತ್ತುಕೊಂಡು ಬಂದು ತಂಗಿಯ ಕಾಲಬುಡದ ಮಣ್ಣಿಗೆ ಎಸೆದ. ಬಗ್ಗಿ ಎತ್ತುವುದು ಅವಳಿಗೆ ಎಷ್ಟು ಕಷ್ಟ ಅನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದೇ ಎಸೆದ.

"ತಗೋ! ಇಟಗೋ! ಈ ಗಾಡಿ ಬಂದ ದಿನದಿಂದ ನೀ ನನ್ನ ಒಂದರೆ ಸಲ ಕರದೀಯೇನು? ಅಣ್ಣ ಇಲ್ಲಿಗೆ ಬಿಡು, ಅಣ್ಣ ಅಲ್ಲಿಗೆ ಒಯ್ಯಿ ಅಂದೀಯೇನು? ಸತ್ತಾನೋ ಇದ್ದಾನೋ ಕೇಳಿಲ್ಲ. ಇಷ್ಟ ವರ್ಷ ಹೊತ್ತೀನಿ, ಒಂದ ದಿನ ಭಾರ ಅಂದಿಲ್ಲ ನಾ!"

ಅವನ ದನಿ ಒಡೆದಿತ್ತು. ಆ ದನಿಯಲ್ಲಿ ಸುಳ್ಳಿರಲಿಲ್ಲ ಅನ್ನುವುದು ಭವಾನಿಗೆ ತಿಳಿಯಿತು. ತಿಳಿದು ಇನ್ನಷ್ಟು ಸಿಟ್ಟು ಬಂತು.

"ನನಗೊಬ್ಬಾಕಿಗೆ ಅಂದಿಲ್ಲ. ಊರಿಗೆಲ್ಲಾ ಅಂದಿ. ಮದುವಿಯೊಳಗ ಅಂದಿ, ಮೈಕಿನ್ಯಾಗ ಅಂದಿ, ನಮ್ಮ ಸಾಹೇಬರ ಮುಂದ ಅಂದಿ. ನೀ ಹೊತ್ತದ್ದು ಎಷ್ಟ ದೂರ? ಕಾಲವಿ ಏರಿಯಿಂದ ಸಾಲಿತನಕ. ನಾ ನಿನ್ನ ಬೆನ್ನಮ್ಯಾಲ ಇರೋದು ಇವತ್ತಿನತನಕ." ಊರುಗೋಲನ್ನು ಗಟ್ಟಿಯಾಗಿ ಹಿಡಿದು ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: "ಸಾಲಿ ಬಂದು ಭಾಳ ವರ್ಷ ಆತಣ್ಣ. ಇಳಸು."

ಅಂಗಳದಲ್ಲಿ ನಗು ನಿಂತಿತು. ಆ ಮಾತಿನ ಅರ್ಥ ಗೊತ್ತಿದ್ದವರು ಇಬ್ಬರೇ. ಕೀಲಿಕೈ ಎತ್ತಲು ಭವಾನಿ ಬಗ್ಗಲಿಲ್ಲ. ಅವ್ವ ಎತ್ತಿಕೊಡಲು ಬಂದರೆ "ನೀ ಮುಟ್ಟಬ್ಯಾಡಬೇ" ಅಂತ ಕೈ ಅಡ್ಡ ಮಾಡಿದಳು. ಕೀಲಿಕೈ ಮಣ್ಣಿನಲ್ಲಿ, ನಿಂಬೆಹಣ್ಣಿನ ರಸದ ಪಕ್ಕ ಬಿದ್ದೇ ಇತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು.

ಕೊನೆಗೆ ಪ್ರಭುರಾಜನೇ ಬಗ್ಗಿದ. ಎತ್ತಿಕೊಂಡು, ಧೋತರದ ಅಂಚಿಗೆ ಒರೆಸಿ, ಅವಳ ಕೈಯಲ್ಲಿ ಇಟ್ಟ. ಮುಖ ನೋಡಲಿಲ್ಲ. "ನಾ ಸರದಿಗೆ ಬರಂಗಿಲ್ಲ" ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆ ದಿನದಿಂದ ಅವಳ ಜೊತೆ ಅವನು ಮಾತಾಡಿಲ್ಲ. ಹೊತ್ತ ಕತೆಯನ್ನೂ ಯಾರ ಮುಂದೆಯೂ ಹೇಳಿಲ್ಲ.

ಭವಾನಿ ಕಾರಿನೊಳಗೆ ಕೂತು, ಹಿಡಿಕೆ ಒತ್ತಿ ಹಿಡಿದು, ಕೀಲಿ ತಿರುವಿ ಹಿಂದಕ್ಕೆ ತೆಗೆದಳು. ಕಾರು ಬಂದ್ ಬೀಳಲಿಲ್ಲ. ಹಂಪಣ್ಣ ಬಾಗಿದ ಗೇಟನ್ನು ಭುಜ ಕೊಟ್ಟು ನೂಕಿ ತೆರೆದ. ಆಗ ಪಂಪಮ್ಮ ಸೆರಗು ಸರಿಮಾಡಿಕೊಂಡು ಬಂದು, ಪಕ್ಕದ ಸೀಟಿನ ಊರುಗೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

"ಎಲ್ಲಿಗಬೇ?" ಅಂದಳು ಭವಾನಿ.

"ನೀ ಎಲ್ಲಿ ಇಳಸ್ತಿ ಅಲ್ಲಿಗೆ" ಅಂದಳು ಪಂಪಮ್ಮ.